ಮೊದಲ 60 ಅಡಿ: ಹಿಂದಿನ ಸಸ್ಪೆನ್ಷನ್‌ಗೆ ಏನನ್ನು, ಯಾವಾಗ ಕೊಳ್ಳಬೇಕು

ಕಾಲು ಮೈಲಿಯ ಡ್ರ್ಯಾಗ್ ಓಟವೆಂದರೆ 1,320 ಅಡಿ, ಅಂದರೆ 402 ಮೀಟರ್. ಓಟ ಮುಗಿದ ಮೇಲೆ ಟ್ರ್ಯಾಕ್‌ನವರು ಕೊಡುವ ಚೀಟಿಯಲ್ಲಿ ಒಟ್ಟು ಸಮಯದ ಜೊತೆಗೆ ಮೊದಲ 60 ಅಡಿ ದಾಟಲು ಹಿಡಿದ ಸಮಯವೂ ಇರುತ್ತದೆ. ಪಳಗಿದವರು ಮೊದಲು ನೋಡುವುದು ಅದನ್ನೇ. ಆ 60 ಅಡಿಯಲ್ಲಿ 0.1 ಸೆಕೆಂಡ್ ಉಳಿಸಿದರೆ ಓಟದ ಕೊನೆಗೆ ಅದು 0.15ರಿಂದ 0.2 ಸೆಕೆಂಡ್ ಆಗಿ ಬೆಳೆದಿರುತ್ತದೆ ಎಂಬುದು ಓಟಗಾರರ ಹಳೆಯ ಲೆಕ್ಕ. ಎಂಜಿನ್‌ನಿಂದ ಅಷ್ಟನ್ನು ಪಡೆಯಬೇಕಾದರೆ ಹದಿನೈದಿಪ್ಪತ್ತು ಅಶ್ವಶಕ್ತಿ ಹೆಚ್ಚಿಸಬೇಕು. ಹಿಂದಿನ ಚಕ್ರ ಜಾರದಂತೆ ನೋಡಿಕೊಂಡರೆ ಇರುವ ಎಂಜಿನ್ನೇ ಅದನ್ನು ಕೊಡುತ್ತದೆ.

ಟ್ರೈಲರ್ ಮೇಲೆ ಏರಿಸಿಕೊಂಡು ಟ್ರ್ಯಾಕಿಗೆ ಒಯ್ಯುವ ಕಾರಿಗೆ ಬಿಡಿಭಾಗ ಆರಿಸುವುದು ಸುಲಭ. ವಾರವೆಲ್ಲ ಕೆಲಸಕ್ಕೆ ಓಡಿಸಿ, ಶನಿವಾರ ಅದನ್ನೇ ಟ್ರ್ಯಾಕಿಗಿಳಿಸಿ, ಸಂಜೆ ಅದರಲ್ಲೇ ಮನೆಗೆ ಮರಳುವವರ ಪಾಡು ಬೇರೆ. ನೇರಕ್ಕೆ ಜಿಗಿಯಲು ಕಾರಿಗೆ ಬೇಕಾದ ಕೆಲವು ಗುಣಗಳು ತಿರುವಿನಲ್ಲಿ, ಬ್ರೇಕ್ ಒತ್ತಿದಾಗ, ಮಳೆಯಲ್ಲಿ ನೇರವಾಗಿ ಕೆಡುಕು ಮಾಡುತ್ತವೆ. ಯಾವುದು ಎಷ್ಟು ಕೆಡುಕು ಮಾಡುತ್ತದೆ ಎಂದು ತಿಳಿದು ಕೊಂಡರೆ ಹಣವೂ ಉಳಿಯುತ್ತದೆ, ಮೈಯೂ ಉಳಿಯುತ್ತದೆ.

ಈ ಪ್ರಶ್ನೆ ಅಮೆರಿಕದಲ್ಲಿ ಮತ್ತೆ ಮತ್ತೆ ಏಳುವುದು ಫೋರ್ಡ್ ಮಸ್ಟ್ಯಾಂಗ್‌ನ ‘ಫಾಕ್ಸ್’ ಪೀಳಿಗೆಯ ಕಾರಿನ ಸುತ್ತ. 1979ರಿಂದ 1993ರವರೆಗೆ ತಯಾರಾದ, ಹಗುರವಾದ, ಹಿಂದಿನ ಚಕ್ರ ಎಳೆಯುವ ಕಾರು ಇದು. 1987ರಿಂದ 1992ರವರೆಗಿನ 5.0 ಲೀಟರ್ ವಿ8 ಮಾದರಿಯಲ್ಲಿ 225 ಅಶ್ವಶಕ್ತಿ, ಸುಮಾರು 407 ನ್ಯೂಟನ್ ಮೀಟರ್ ಟಾರ್ಕ್. ಬಿಡಿಭಾಗಗಳು ಧಾರಾಳವಾಗಿ ಸಿಗುವುದರಿಂದ ಬಹಳ ಜನ ಇದರ ಮೇಲೆಯೇ ಡ್ರ್ಯಾಗ್ ಓಟ ಕಲಿತರು. ಅಮೆರಿಕದಲ್ಲಿರುವ ಕನ್ನಡಿಗರು ಯಾರಾದರೂ ಇಂಥದೊಂದು ಕಾರು ಕೊಂಡಿದ್ದರೆ ಮುಂದಿನ ಮಾತು ನೇರವಾಗಿ ಅವರಿಗೇ. ಉಳಿದವರಿಗೆ ತತ್ತ್ವ ಇದೇ, ಕಾರು ಬದಲಾಗುತ್ತದೆ.

ಮೊದಲು ಕಾರಿನ ಅಡಿ ಏನಿದೆ ನೋಡೋಣ. ನಮ್ಮ ಬೊಲೆರೋ ಅಡಿ ಇಣುಕಿದರೆ ಹಿಂದಿನ ಎರಡು ಚಕ್ರಗಳನ್ನು ಸೇರಿಸಿ ಅಡ್ಡಲಾಗಿ ಒಂದೇ ಗಟ್ಟಿ ಹೌಸಿಂಗ್ ಕಾಣುತ್ತದೆ, ನಡುವೆ ಕ್ರೌನ್–ಪಿನಿಯನ್ನಿನ ಗುಂಡು ಹೊಟ್ಟೆ. ಫಾಕ್ಸ್‌ನಲ್ಲೂ ಇಂಥದೇ ಒಂದೇ ತುಂಡಿನ ಹೌಸಿಂಗ್. ವ್ಯತ್ಯಾಸ ಇಷ್ಟೇ: ಬೊಲೆರೋದಲ್ಲಿ ಹೌಸಿಂಗನ್ನು ಲೀಫ್ ಸ್ಪ್ರಿಂಗಿನ ಪ್ಲೇಟುಗಳೇ ಹಿಡಿದಿರುತ್ತವೆ. ಫಾಕ್ಸ್‌ನಲ್ಲಿ ಆ ಕೆಲಸಕ್ಕೆ ನಾಲ್ಕು ಆರ್ಮ್‌ಗಳಿವೆ. ಕೆಳಗಿನ ಎರಡು ಉದ್ದವಾಗಿ ಮುಂದಕ್ಕೆ ಹೋಗುತ್ತವೆ, ಕಾಯಿಲ್ ಸ್ಪ್ರಿಂಗ್ ಕೂರುವುದು ಅವುಗಳ ಮೇಲೆಯೇ. ಮೇಲಿನ ಎರಡು ಗಿಡ್ಡ ಆರ್ಮ್‌ಗಳು ಓರೆಯಾಗಿ ಕೂತು, ಹೌಸಿಂಗ್ ಎಡಕ್ಕೆ ಬಲಕ್ಕೆ ಸರಿಯದಂತೆ ತಡೆಯುತ್ತವೆ. ಪ್ರತಿ ಆರ್ಮ್‌ನ ಎರಡೂ ತುದಿಗೆ ರಬ್ಬರ್ ಬುಷ್.

ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟ ಕ್ಷಣ ಇಲ್ಲಿ ಏನಾಗುತ್ತದೆ? ಎಂಜಿನ್ನಿನ 407 ನ್ಯೂಟನ್ ಮೀಟರ್ ಅನ್ನು ಗೇರ್‌ಬಾಕ್ಸ್‌ನ ಮೊದಲ ಗೇರು 3.35 ಪಟ್ಟು ಮಾಡುತ್ತದೆ. ಹಿಂದೆ 3.55 ಅನುಪಾತದ ಕ್ರೌನ್–ಪಿನಿಯನ್ ಹಾಕಿದ್ದರೆ ಚಕ್ರ ಸೇರುವ ಹೊತ್ತಿಗೆ ಅದು ಸುಮಾರು 4,800 ನ್ಯೂಟನ್ ಮೀಟರ್. ಚಕ್ರವನ್ನು ಮುಂದಕ್ಕೆ ತಿರುಗಿಸುವ ಅಷ್ಟೇ ಬಲ ಹೌಸಿಂಗನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಪಿನಿಯನ್ನಿನ ಮೂಗು ಮೇಲಕ್ಕೇಳುತ್ತದೆ, ಕೆಳಗಿನ ಆರ್ಮ್‌ಗಳು ಕಾರನ್ನು ಮುಂದಕ್ಕೆ ನೂಕುತ್ತವೆ, ಮೇಲಿನವು ಹಿಂದಕ್ಕೆ ಜಗ್ಗುತ್ತವೆ. ಮೂವತ್ತು ವರ್ಷ ಹಳೆಯ ರಬ್ಬರ್ ಬುಷ್‌ಗಳು ಈ ಒತ್ತಡಕ್ಕೆ ಹಿಸುಕಿ ತಿರುಚಿಕೊಳ್ಳುತ್ತವೆ. ಟೈರು ಜಾರಿದೊಡನೆ ಅವು ಬಿಚ್ಚಿಕೊಂಡು ಹಿಂದಿರುಗುತ್ತವೆ, ಟೈರು ಮತ್ತೆ ಹಿಡಿಯುತ್ತದೆ, ಮತ್ತೆ ತಿರುಚುತ್ತವೆ. ಕಲ್ಲು ನೆಲದ ಮೇಲೆ ಕುರ್ಚಿ ಎಳೆದಾಗ ಕಾಲುಗಳು ತಟತಟ ಕುಣಿಯುವಂತೆ ಹಿಂದಿನ ಚಕ್ರಗಳೆರಡೂ ಕುಣಿಯಲು ತೊಡಗುತ್ತವೆ. ಇದಕ್ಕೆ ವೀಲ್ ಹಾಪ್ ಎನ್ನುತ್ತಾರೆ. ಆಕ್ಸಲ್ ಶಾಫ್ಟ್ ತುಂಡಾಗುವುದು, ಗೇರಿನ ಹಲ್ಲು ಮುರಿಯುವುದು ಬಹುಪಾಲು ಈ ಕುಣಿತದಲ್ಲೇ. ಫೋರ್ಡ್ ಕಂಪನಿಯೇ 1980ರ ದಶಕದ ನಡುವಿನಲ್ಲಿ ಇದನ್ನು ತಡೆಯಲೆಂದು ಹೌಸಿಂಗಿಗೆ ಇನ್ನೆರಡು ಶಾಕ್ ಅಬ್ಸಾರ್ಬರ್‌ಗಳನ್ನು ಮಲಗಿಸಿ ಜೋಡಿಸಿತು. ‘ಕ್ವಾಡ್ ಶಾಕ್’ ಎಂದು ಹೆಸರಾದದ್ದು ಅದೇ.

ಇಷ್ಟು ಓದಿದವರಿಗೆ ಈಗಲೇ ಗಟ್ಟಿ ಆರ್ಮ್‌ಗಳನ್ನು ಕೊಳ್ಳಬೇಕೆನ್ನಿಸಬಹುದು. ಕೊಳ್ಳುವುದಿದೆ, ಆದರೆ ಮೊದಲ ದುಡ್ಡು ಟೈರಿಗೆ ಹೋಗಬೇಕು. ಸ್ವಲ್ಪ ಲೆಕ್ಕ ಹಾಕಿದರೆ ಏಕೆಂದು ಗೊತ್ತಾಗುತ್ತದೆ.

ಚಾಲಕನೂ ಸೇರಿ ಕಾರು 1,500 ಕಿಲೋ ಎಂದಿಟ್ಟುಕೊಳ್ಳೋಣ. ಇದರಲ್ಲಿ ನೂರಕ್ಕೆ 43ರಷ್ಟು, ಅಂದರೆ 645 ಕಿಲೋ ಹಿಂದಿನ ಚಕ್ರಗಳ ಮೇಲೆ. ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2.55 ಮೀಟರ್. ಕಾರು ಮುಂದಕ್ಕೆ ಜಿಗಿದಾಗ ಮುಂದಿನ ಚಕ್ರಗಳ ಭಾರದಲ್ಲಿ ಒಂದು ಪಾಲು ಹಿಂದಕ್ಕೆ ವಾಲುತ್ತದೆ. ಎಷ್ಟು ಎನ್ನುವುದನ್ನು ನಿರ್ಧರಿಸುವುದು ತೂಕ, ವೇಗವರ್ಧನೆ, ಗುರುತ್ವ ಕೇಂದ್ರದ ಎತ್ತರ ಮತ್ತು ಚಕ್ರಾಂತರ, ಈ ನಾಲ್ಕೇ. ಸ್ಪ್ರಿಂಗ್ ಮೃದುವೋ ಗಡುಸೋ ಎನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಸಾಧಾರಣ ರಸ್ತೆ ಟೈರಿನ ಘರ್ಷಣಾಂಕ 1 ಎಂದುಕೊಂಡರೆ ಈ ಕಾರು ಹೆಚ್ಚೆಂದರೆ ಗುರುತ್ವದ 0.53 ಪಟ್ಟು ವೇಗವರ್ಧನೆ ತೋರಬಲ್ಲದು. ಅಂಟು ಹೆಚ್ಚಿರುವ ಡ್ರ್ಯಾಗ್ ಟೈರು ಹಾಕಿ ಘರ್ಷಣಾಂಕ 1.6ಕ್ಕೇರಿತು ಎನ್ನಿ, ಆ ಮಿತಿ 1.0ಕ್ಕೆ ಏರುತ್ತದೆ. ಟೈರಿನ ಹಿಡಿತ ಶೇಕಡಾ 60 ಹೆಚ್ಚಿದರೆ ಫಲ ಹತ್ತಿರ ಹತ್ತಿರ ಎರಡು ಪಟ್ಟು. ಹಿಡಿತ ಹೆಚ್ಚಿದಷ್ಟೂ ಜಿಗಿತ ಹೆಚ್ಚುತ್ತದೆ, ಜಿಗಿತ ಹೆಚ್ಚಿದಷ್ಟೂ ಹಿಂದಿನ ಭಾರ ಹೆಚ್ಚುತ್ತದೆ, ಆ ಭಾರ ಮತ್ತಷ್ಟು ಹಿಡಿತ ಕೊಡುತ್ತದೆ. ಯಾವ ಆರ್ಮ್ ಕೊಂಡರೂ ಇಂಥ ಫಲ ಸಿಗುವುದಿಲ್ಲ.

ರಸ್ತೆಯಲ್ಲೂ ಓಡಿಸಬಹುದಾದ ಡ್ರ್ಯಾಗ್ ರೇಡಿಯಲ್ ಟೈರು ಎರಡು ಬಗೆಯ ಬಾಳಿನ ಕಾರಿಗೆ ಒಪ್ಪುವ ಆಯ್ಕೆ. ತೆಳು ಗೋಡೆಯ, ಗೆರೆಯಿಲ್ಲದ ಬಯಾಸ್ ಸ್ಲಿಕ್ ಟೈರು ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಅದನ್ನು ಟ್ರ್ಯಾಕಿನಲ್ಲೇ ಹಾಕಿ ಅಲ್ಲೇ ಬಿಚ್ಚಬೇಕು. ಡ್ರ್ಯಾಗ್ ರೇಡಿಯಲ್‌ನಲ್ಲೂ ಒಂದು ಅಪಾಯವಿದೆ: ಗೆರೆ ಕಡಿಮೆ, ನೀರು ಹೊರದಬ್ಬುವ ಶಕ್ತಿ ಕಡಿಮೆ. ಮಳೆ ಬೀಳುವ ಊರಿನಲ್ಲಿದ್ದರೆ ಇನ್ನೊಂದು ಜೋಡಿ ಚಕ್ರಕ್ಕೆ ರಸ್ತೆ ಟೈರು ಹಾಕಿಸಿಟ್ಟುಕೊಳ್ಳುವುದೇ ಸರಿ. ಇದರಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ.

ಹಿಡಿಯುವ ಟೈರು ಬಂದ ಮೇಲೆ ಅಲ್ಲಿಯವರೆಗೆ ಅಡಗಿದ್ದ ದುರ್ಬಲ ಭಾಗಗಳೆಲ್ಲ ಬಯಲಾಗುತ್ತವೆ. ಟೈರು ಜಾರುತ್ತಿದ್ದಷ್ಟು ದಿನ ಉಳಿದ ಭಾಗಗಳಿಗೆ ಅದೇ ರಕ್ಷಣೆಯಾಗಿತ್ತು. ಫಾಕ್ಸ್‌ನಲ್ಲಿ ಮೊದಲು ನೋಡಬೇಕಾದದ್ದು ಆರ್ಮ್‌ಗಳ ಮುಂದಿನ ತುದಿ ಬಾಡಿಗೆ ಸೇರುವ ಟಾರ್ಕ್ ಬಾಕ್ಸ್ ಎಂಬ ತಗಡಿನ ಪೆಟ್ಟಿಗೆಗಳು. ಸ್ಪಾಟ್ ವೆಲ್ಡ್ ಬಿಟ್ಟುಕೊಂಡು ತಗಡು ಹರಿಯುವುದು ಈ ಕಾರಿನ ಹಳೆಯ ರೋಗ. ಹಳೆ ಕಾರು ಕೊಳ್ಳುವ ಮುನ್ನ ಟಾರ್ಚ್ ಹಿಡಿದು ಅಡಿಗೆ ನುಗ್ಗಿ ಇಲ್ಲಿ ಬಿರುಕಿದೆಯೇ ನೋಡಲೇಬೇಕು. ಇದಕ್ಕೆ ಬಲಕೊಡುವ ಪ್ಲೇಟ್‌ಗಳು ಸಿಗುತ್ತವೆ, ಬೆಸುಗೆ ಹಾಕಿಸಬೇಕು. ಹಾಗೆಯೇ ಈ ಕಾರಿಗೆ ಉದ್ದಕ್ಕೂ ಸಾಗುವ ಚಾಸಿ ಇಲ್ಲ. ಮುಂದಿನ, ಹಿಂದಿನ ಚೌಕಟ್ಟುಗಳ ನಡುವೆ ಇರುವುದು ನೆಲದ ತಗಡು ಮಾತ್ರ. ಎರಡನ್ನೂ ಸೇರಿಸುವ ಸಬ್‌ಫ್ರೇಮ್ ಕನೆಕ್ಟರ್ ಬೆಸೆದರೆ ಬಾಡಿ ತಿರುಚುವುದು ಕಡಿಮೆಯಾಗುತ್ತದೆ. ಟ್ರ್ಯಾಕಿಗೂ ರಸ್ತೆಗೂ ಒಟ್ಟಿಗೆ ಒಳ್ಳೆಯದು ಮಾಡುವ ಕೆಲವೇ ಕೆಲಸಗಳಲ್ಲಿ ಇದೊಂದು. ಕ್ರೌನ್ ಹೊಟ್ಟೆಯ ಒಳಗೂ ಗಮನ ಬೇಕು. 8.8 ಇಂಚಿನ ಕ್ರೌನ್ ಇರುವ ಆಕ್ಸಲ್ ಗಟ್ಟಿಯದೇ, ಆದರೆ ಅದರ 28 ಹಲ್ಲಿನ ಶಾಫ್ಟ್‌ಗಳನ್ನು ಒಳಗಿನ ತುದಿಯಲ್ಲಿ ಹಿಡಿದಿರುವುದು ಒಂದು ಸಿ-ಕ್ಲಿಪ್. ಶಾಫ್ಟ್ ಮುರಿದರೆ ಚಕ್ರ ಸಮೇತ ಹೊರಗೆ ಬರಬಹುದು. ಕ್ಲಚ್ ಬಿಟ್ಟು ಸ್ಲಿಕ್ ಮೇಲೆ ಜಿಗಿಸುವವರು 31 ಹಲ್ಲಿನ ಶಾಫ್ಟಿಗೆ ಹೋಗುವುದು ಇದೇ ಭಯದಿಂದ.

ಈಗ ಆರ್ಮ್‌ಗಳ ಸರದಿ. ಕಂಪನಿಯ ಕೆಳಗಿನ ಆರ್ಮ್ ಅಚ್ಚೊತ್ತಿದ ತಗಡು, ತೆರೆದ ದೋಣಿಯ ಆಕಾರ. ಒತ್ತಡಕ್ಕೆ ಅದೂ ಬಾಗುತ್ತದೆ, ಅದರ ಬುಷ್ಷೂ ಹಿಸುಕುತ್ತದೆ. ಪೂರ್ತಿ ಮುಚ್ಚಿದ ಚೌಕ ಕೊಳವೆಯ ಆರ್ಮ್‌ಗೆ ಒಂದು ತುದಿಯಲ್ಲಿ ಪಾಲಿಯುರೆಥೇನ್ ಬುಷ್, ಇನ್ನೊಂದು ತುದಿಯಲ್ಲಿ ಗೋಲಾಕಾರದ ಬೇರಿಂಗ್ ಇರುವ ಜೋಡಿ ಹಾಕಿದರೆ ವೀಲ್ ಹಾಪ್ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಒಳಗೆ ಸ್ವಲ್ಪ ಗೊರಗುಟ್ಟುವ ಸದ್ದು ಹೆಚ್ಚುತ್ತದೆ, ಸಹಿಸಿಕೊಳ್ಳಬಹುದು.

ಮೇಲಿನ ಆರ್ಮ್ ವಿಷಯದಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಓರೆಯಾಗಿ ಕೂತ ಈ ಎರಡು ಆರ್ಮ್‌ಗಳಿಗೂ ನೇರ ಕೂತ ಕೆಳಗಿನ ಎರಡಕ್ಕೂ ತಿರುವಿನಲ್ಲಿ ಹೊಂದಾಣಿಕೆಯಿಲ್ಲ. ಕಾರು ಒಂದು ಬದಿಗೆ ವಾಲಿದಾಗ ನಾಲ್ಕೂ ಬೇರೆ ಬೇರೆ ವೃತ್ತದಲ್ಲಿ ಚಲಿಸಲು ನೋಡುತ್ತವೆ. ಆ ಜಗಳವನ್ನು ನುಂಗಿಕೊಳ್ಳುವುದು ಮೆತ್ತನೆಯ ರಬ್ಬರ್ ಬುಷ್. ನಾಲ್ಕು ಆರ್ಮ್‌ಗೂ ಗಡುಸು ಪಾಲಿಯುರೆಥೇನ್ ಹಾಕಿಬಿಟ್ಟರೆ ಆ ಅವಕಾಶ ಮುಚ್ಚಿಹೋಗಿ, ತಿರುವಿನ ನಡುವೆ ಸಸ್ಪೆನ್ಷನ್ ಬಿಗಿದುಕೊಳ್ಳುತ್ತದೆ, ಹಿಂಬದಿ ಮುನ್ಸೂಚನೆ ಕೊಡದೆ ಕಿತ್ತುಕೊಂಡು ಹೋಗುತ್ತದೆ. ರಸ್ತೆಯಲ್ಲಿ ಓಡುವ ಕಾರಾದರೆ ಮೇಲಿನ ಆರ್ಮ್‌ಗಳಿಗೆ ಹೊಸ ರಬ್ಬರ್ ಬುಷ್ ಹಾಕಿಸಿ, ಗಡುಸಿನದು ಬೇಡ. ‘ಪೂರ್ಣ ಪಾಲಿ ಕಿಟ್’ ಎಂದು ಒಟ್ಟಿಗೆ ಮಾರುವ ಪೆಟ್ಟಿಗೆಯನ್ನು ಕೊಳ್ಳದಿರಲು ಇದೊಂದೇ ಕಾರಣ ಸಾಕು.

ನಾಲ್ಕು ಆರ್ಮ್‌ಗಳ ಕೋನಗಳಲ್ಲಿ ಇನ್ನೂ ಸೂಕ್ಷ್ಮವಾದ ವಿಷಯವಿದೆ, ಅಂಗಡಿಯವರು ಹೆಚ್ಚು ಮಾತಾಡದಿರುವುದೂ ಇದರ ಬಗ್ಗೆಯೇ. ಕಾರನ್ನು ಪಕ್ಕದಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಮೇಲಿನ ಆರ್ಮ್‌ನ ಗೆರೆ, ಕೆಳಗಿನ ಆರ್ಮ್‌ನ ಗೆರೆ ಎರಡನ್ನೂ ಮುಂದಕ್ಕೆ ಎಳೆಯುತ್ತ ಹೋದರೆ ಎಲ್ಲೋ ಒಂದು ಕಡೆ ಕೂಡುತ್ತವೆ. ಹೌಸಿಂಗ್ ಕಾರನ್ನು ನೂಕುವುದು ಆ ಬಿಂದುವಿನ ಮೂಲಕ ಎಂದು ಭಾವಿಸಬಹುದು. ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ ಈ ಬಿಂದುವಿಗೆ ಒಂದು ಗೆರೆ. ಅದೇ ಜಾಗದಿಂದ, ಮುಂದಿನ ಆಕ್ಸಲ್‌ನ ನೇರ ಮೇಲೆ ಗುರುತ್ವ ಕೇಂದ್ರದಷ್ಟೇ ಎತ್ತರದಲ್ಲಿರುವ ಬಿಂದುವಿಗೆ ಇನ್ನೊಂದು. ಎರಡೂ ಒಂದೇ ಗೆರೆಯಾದರೆ ಆಂಟಿ-ಸ್ಕ್ವಾಟ್ ನೂರಕ್ಕೆ ನೂರು: ಜಿಗಿಯುವಾಗ ಹಿಂಬದಿ ಕೂರುವುದೂ ಇಲ್ಲ, ಏಳುವುದೂ ಇಲ್ಲ. ಮೊದಲ ಗೆರೆ ಹೆಚ್ಚು ಕಡಿದಾಗಿದ್ದರೆ ಬಾಡಿ ಮೇಲೇಳುತ್ತದೆ, ಅದರ ಪ್ರತಿಯಾಗಿ ಹೌಸಿಂಗ್ ಟೈರನ್ನು ನೆಲಕ್ಕೆ ಒತ್ತುತ್ತದೆ. ಕಡಿಮೆಯಿದ್ದರೆ ಹಿಂಬದಿ ಕುಳಿತುಕೊಳ್ಳುತ್ತದೆ. ಒಟ್ಟು ವಾಲುವ ಭಾರ ಮೂರರಲ್ಲೂ ಒಂದೇ ಎಂಬುದನ್ನು ನೆನಪಿಡಬೇಕು. ಬದಲಾಗುವುದು ಆ ಭಾರ ಟೈರನ್ನು ಎಷ್ಟು ಬೇಗ, ಎಷ್ಟು ಗಡುಸಾಗಿ ತಲುಪುತ್ತದೆ ಎನ್ನುವುದು. ಹಿಂಬದಿ ಚೆನ್ನಾಗಿ ಕುಸಿದರೆ ಭಾರ ಚೆನ್ನಾಗಿ ಬಂತು ಎಂಬ ನಂಬಿಕೆ ಬಹಳ ಕಡೆ ಇದೆ. ಕುಸಿತ ಕಣ್ಣಿಗೆ ಕಾಣುವುದು ನಿಜ, ಟೈರಿನ ಒತ್ತಡಕ್ಕೆ ಅದು ಸಾಕ್ಷಿಯಲ್ಲ.

ಅಂದಕ್ಕೆಂದು ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಹಾಕಿದಾಗ ಕೆಳಗಿನ ಆರ್ಮ್‌ನ ಮುಂದಿನ ತುದಿ ಬಾಡಿಯ ಜೊತೆ ಇಳಿಯುತ್ತದೆ, ಹಿಂದಿನ ತುದಿ ಆಕ್ಸಲ್ ಜೊತೆ ಅಲ್ಲೇ ಉಳಿಯುತ್ತದೆ. ಆಂಟಿ-ಸ್ಕ್ವಾಟ್ ಕಡಿಮೆಯಾಗಿ ಮೊದಲು ಜಿಗಿಯುತ್ತಿದ್ದ ಕಾರು ಈಗ ಚಕ್ರ ತಿರುಗಿಸುತ್ತ ನಿಲ್ಲುತ್ತದೆ. ಇದನ್ನು ಸರಿಪಡಿಸಲು ಆರ್ಮ್‌ನ ಹಿಂದಿನ ತುದಿಯನ್ನು ಕೆಳಗೆ ಇಳಿಸುವ, ಎರಡು ಮೂರು ತೂತುಗಳಿರುವ ಬ್ರಾಕೆಟ್ ಸಿಗುತ್ತದೆ. ಬೆಲೆ ಕಡಿಮೆ, ಪರಿಣಾಮ ದೊಡ್ಡದು. ಆದರೆ ಅತಿ ಕೆಳಗಿನ ತೂತಿಗೆ ಹಾಕಿದರೆ ಮೂರು ತೊಂದರೆ ಒಟ್ಟಿಗೆ ಬರುತ್ತವೆ. ತಿರುವಿನಲ್ಲಿ ಕಾರು ವಾಲಿದಾಗ ಹೊರಬದಿಯ ಚಕ್ರ ಹಿಂದಕ್ಕೆ, ಒಳಬದಿಯ ಚಕ್ರ ಮುಂದಕ್ಕೆ ಸರಿದು ಇಡೀ ಆಕ್ಸಲ್ ತಿರುವಿನ ಹೊರಕ್ಕೆ ಮುಖ ಮಾಡುತ್ತದೆ, ಬಾಲ ಹೊರಗೆ ಓಡಲು ನೋಡುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಕುಣಿಯುತ್ತದೆ, ಈ ಬಾರಿ ನಿಲ್ಲಬೇಕಾದ ಹೊತ್ತಿನಲ್ಲಿ. ಮೂರನೆಯದು ಟ್ರ್ಯಾಕಿನಲ್ಲೇ ಕಾಣುವುದು: ಹಿಂಬದಿ ರಭಸವಾಗಿ ಎದ್ದು ಟೈರನ್ನು ಒತ್ತುತ್ತದೆ, ಎದ್ದು ಮುಗಿದ ಮರುಕ್ಷಣ ಒತ್ತಡ ಬಿಟ್ಟುಹೋಗಿ ಹತ್ತು ಹದಿನೈದು ಅಡಿಯಾಚೆ ಚಕ್ರ ಜಾರುತ್ತದೆ. ರಸ್ತೆಗೂ ಬೇಕಾದ ಕಾರಿನಲ್ಲಿ, ಚಾಲಕ ಒಳಗೆ ಕೂತಿರುವಾಗ ಕೆಳಗಿನ ಆರ್ಮ್ ನೆಲಕ್ಕೆ ಸಮಾನಾಂತರವಾಗಿರುವ ತೂತು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅಲ್ಲಿಂದ ಮುಂದಿನ ಸುಧಾರಣೆಯನ್ನು ಶಾಕ್ ಅಬ್ಸಾರ್ಬರ್‌ನಿಂದ ಪಡೆಯಬೇಕು.

ಶಾಕ್ ಮೇಲೆ ಇಷ್ಟು ಭರವಸೆ ಇಡಲು ಕಾರಣವಿದೆ. ಜಿಗಿತದ ಗುಣವನ್ನು ಬದಲಾಯಿಸಿ, ಮನೆಗೆ ಹೊರಡುವಾಗ ಮತ್ತೆ ಮೊದಲಿನಂತೆ ಮಾಡಲು ಬರುವ ಕೆಲವೇ ಭಾಗಗಳಲ್ಲಿ ಇದು ಮುಖ್ಯವಾದದ್ದು. ಹಿಗ್ಗುವಾಗಿನ ತಡೆ, ಕುಗ್ಗುವಾಗಿನ ತಡೆ ಎರಡನ್ನೂ ಬೇರೆ ಬೇರೆ ಗುಬ್ಬಿಗಳಿಂದ ಹೊಂದಿಸುವ ಹಿಂದಿನ ಶಾಕ್ ದುಬಾರಿ, ಆದರೂ ಎರಡು ಬಗೆಯ ಬಾಳಿನ ಕಾರಿಗೆ ಅದಕ್ಕಿಂತ ಉಪಯುಕ್ತವಾದದ್ದು ಇಲ್ಲ. ಹಿಂಬದಿ ರಭಸವಾಗಿ ಏಳುತ್ತಿದ್ದರೆ ಹಿಗ್ಗುವ ತಡೆ ಹೆಚ್ಚಿಸಿ, ಕುಸಿಯುತ್ತಿದ್ದರೆ ಕುಗ್ಗುವ ತಡೆ ಹೆಚ್ಚಿಸಿ. ಮುಂದಿನ ಚಕ್ರಗಳಿಗೆ 90/10 ಎಂಬ ಡ್ರ್ಯಾಗ್ ಶಾಕ್ ಸಿಗುತ್ತದೆ. ಅದು ಸಲೀಸಾಗಿ ಹಿಗ್ಗಿ ಮೂಗನ್ನು ಮೇಲೇಳಲು ಬಿಡುತ್ತದೆ, ಕುಗ್ಗುವಾಗ ಮಾತ್ರ ಬಿಗಿ. ಟ್ರ್ಯಾಕಿನಲ್ಲಿ ಒಳ್ಳೆಯದು. ಗುಂಡಿಗಳಿರುವ ರಸ್ತೆಯಲ್ಲಿ ಮುಂಬದಿ ತೇಲುತ್ತ, ಸ್ಟೀರಿಂಗ್ ಮಾತು ಕೇಳದಂತಾಗುತ್ತದೆ. ಅದರ ಬದಲು ಮುಂದೆಯೂ ಹೊಂದಿಸುವ ಶಾಕ್‌ಗೆ ಹಣ ಕೂಡಿಡುವುದು ಲೇಸು. ಮುಂದಿನ ಸ್ಟೆಬಿಲೈಜರ್ ಬಾರ್ ಕಳಚಿಟ್ಟು ರಸ್ತೆಗಿಳಿಯುವ ಚಾಳಿಯಂತೂ ಬೇಡವೇ ಬೇಡ.

ಎಡ–ಬಲದ ಸಮಸ್ಯೆಯೂ ಒಂದಿದೆ. ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಬಲ ಹೌಸಿಂಗಿನ ಎಡ ಚಕ್ರವನ್ನು ನೆಲಕ್ಕೆ ಒತ್ತಿ, ಬಲ ಚಕ್ರವನ್ನು ಎತ್ತಲು ನೋಡುತ್ತದೆ. ಬಲ ಟೈರು ಮೊದಲು ಜಾರುವುದು ಅದಕ್ಕೇ. ಬಲಗಡೆಯ ಕಾಯಿಲ್ ಸ್ಪ್ರಿಂಗಿನ ಒಳಗೆ ಗಾಳಿ ಚೀಲ ಕೂರಿಸಿ, ಟ್ರ್ಯಾಕಿನಲ್ಲಿ ಸ್ವಲ್ಪ ಗಾಳಿ ತುಂಬಿ, ಹೊರಡುವಾಗ ಇಳಿಸುವುದು ಅಗ್ಗದ ಉಪಾಯ. ಆಕ್ಸಲ್‌ಗೂ ಬಾಡಿಗೂ ಲಿಂಕ್‌ಗಳಿಂದ ಸೇರುವ ದಪ್ಪನೆಯ ಡ್ರ್ಯಾಗ್ ಆಂಟಿ-ರೋಲ್ ಬಾರ್ ಇದನ್ನು ಹೆಚ್ಚು ಸಮರ್ಥವಾಗಿ ಮಾಡುತ್ತದೆ, ಆದರೆ ತಿರುವಿನಲ್ಲಿ ಹಿಂಬದಿಯನ್ನು ಅತಿ ಗಡುಸು ಮಾಡಿ ಬಾಲ ಜಾರಿಸುತ್ತದೆ. ಕಾರು 11 ಸೆಕೆಂಡಿನ ಕೆಳಗೆ ಓಡುವವರೆಗೆ ಅದರ ಚಿಂತೆ ಬೇಕಿಲ್ಲ.

ಲೀಫ್ ಸ್ಪ್ರಿಂಗ್ ಇರುವ ಹಳೆ ಅಮೆರಿಕನ್ ಕಾರುಗಳ ಕಥೆ ಚಿಕ್ಕದು. ಅಲ್ಲಿ ಆರ್ಮ್ ಕೆಲಸವನ್ನೂ ಪ್ಲೇಟುಗಳೇ ಮಾಡುವುದರಿಂದ ಅವು ಇಂಗ್ಲಿಷಿನ ಎಸ್ ಆಕಾರಕ್ಕೆ ತಿರುಚುತ್ತವೆ. ಪ್ಲೇಟಿನ ಮುಂದಿನ ಅರ್ಧವನ್ನು ಬಿಗಿಹಿಡಿಯುವ ಟ್ರ್ಯಾಕ್ಷನ್ ಬಾರ್‌ಗಳೇ ಅಲ್ಲಿನ ಮದ್ದು. ಜ್ಯಾಮಿತಿ ಬದಲಾಯಿಸಲು ಹೆಚ್ಚು ಅವಕಾಶವಿಲ್ಲ.

ಒಂದೊಂದು ಭಾಗ ಹಾಕಿದ ಮೇಲೂ ಪರೀಕ್ಷೆ ಮಾಡಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ. ಗೆಳೆಯರೊಬ್ಬರು ಪಕ್ಕದಲ್ಲಿ ನಿಂತು ಹಿಂದಿನ ಚಕ್ರದ ಮಟ್ಟಕ್ಕೆ ಫೋನ್ ಹಿಡಿದು ನಿಧಾನಗತಿಯ ವಿಡಿಯೋ ತೆಗೆದರೆ ಸಾಕು. ಟೈರಿನ ಮೇಲ್ತುದಿಗೂ ಫೆಂಡರ್ ಅಂಚಿಗೂ ನಡುವಿನ ಅಂತರ ವಿಡಿಯೋದ ಮೊದಲ ಫ್ರೇಮುಗಳಲ್ಲಿ ಹೆಚ್ಚುತ್ತದೆಯೇ, ಕುಗ್ಗುತ್ತದೆಯೇ, ಹೆಚ್ಚಿ ಮತ್ತೆ ದಿಢೀರ್ ಕುಗ್ಗುತ್ತದೆಯೇ ನೋಡಿ. ಟೈರಿನ ಗೋಡೆ ಸುಕ್ಕುಗಟ್ಟುತ್ತಿದೆಯೇ ನೋಡಿ. ಆ ವಿಡಿಯೋ, 60 ಅಡಿಯ ಸಮಯ, ಟೈರಿನ ಗಾಳಿ, ಶಾಕ್ ಗುಬ್ಬಿಯ ಸ್ಥಾನ ನಾಲ್ಕನ್ನೂ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಖರೀದಿ ಯಾವುದೆಂದು ಕಾರೇ ಹೇಳುತ್ತದೆ. ಪಿನಿಯನ್ ಕೋನವನ್ನೂ ಅಳೆಯಿರಿ: ಆರ್ಮ್‌ಗಳಿರುವ ಕಾರಿನಲ್ಲಿ ನಿಂತಾಗ ಪಿನಿಯನ್ ಮೂಗು ಪ್ರೊಪೆಲ್ಲರ್ ಶಾಫ್ಟ್‌ಗಿಂತ ಒಂದೆರಡು ಡಿಗ್ರಿ ಕೆಳಗಿರಬೇಕು, ಜಿಗಿಯುವಾಗ ಎದ್ದು ನೇರವಾಗಲು. ಲೀಫ್ ಸ್ಪ್ರಿಂಗಿನ ಕಾರಿಗೆ ಇನ್ನೂ ಹೆಚ್ಚು ಬೇಕು.

ಈ ಪರೀಕ್ಷೆಗಳೆಲ್ಲ ಟ್ರ್ಯಾಕಿನಲ್ಲೇ ನಡೆಯಬೇಕು. ರಸ್ತೆಯಲ್ಲಿ ಪಂದ್ಯ ಅಮೆರಿಕದಲ್ಲೂ ಅಪರಾಧ, ನಮ್ಮಲ್ಲೂ 1988ರ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಅಡಿ ಅಪರಾಧ. ಅಂಟು ಸಿಂಪಡಿಸಿ ಸಿದ್ಧ ಮಾಡಿದ ಟ್ರ್ಯಾಕಿನಲ್ಲಿ ಸಿಕ್ಕ ಅಂಕಿಗಳು ಬೀದಿಯ ಡಾಂಬರಿಗೆ ಹೊಂದುವುದೂ ಇಲ್ಲ. ಸಂಜೆ ಹೊರಡುವ ಮುನ್ನ ಹದಿನೈದಿಪ್ಪತ್ತು ಪಿಎಸ್‌ಐಗೆ ಇಳಿಸಿದ್ದ ಡ್ರ್ಯಾಗ್ ರೇಡಿಯಲ್‌ಗೆ ರಸ್ತೆಯ ಗಾಳಿ ತುಂಬಿ, ಗಾಳಿ ಚೀಲ ಇಳಿಸಿ, ಶಾಕ್ ಗುಬ್ಬಿಗಳನ್ನು ರಸ್ತೆಯ ಅಂಕಿಗೆ ತಿರುಗಿಸಿ, ಹೊಸ ಆರ್ಮ್‌ಗಳ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿದು ನೋಡಿ. ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯ ಬಿಗಿ ಮಾಡುವಾಗ ಕಾರು ಜಾಕ್ ಮೇಲೆ ತೂಗುತ್ತಿರಬಾರದು, ತನ್ನ ಭಾರ ತನ್ನ ಚಕ್ರಗಳ ಮೇಲೆ ಇರಬೇಕು. ಇಲ್ಲದಿದ್ದರೆ ಹೊಸ ಬುಷ್ ದಿನವಿಡೀ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.